ಕಾರಿನ ಮೈಲೇಜ್ ಇಳಿದಾಗ ಕಾರಣ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಲೇಜ್ ಇಳಿದಿದೆ ಎನಿಸಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಗ್ಯಾರೇಜಿಗೆ ಹೋಗುತ್ತಾರೆ. ಪ್ಲಗ್, ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್ ಎಂದು ಐದಾರು ಸಾವಿರ ಖರ್ಚಾದ ಮೇಲೆ ಲೆಕ್ಕ ಹಾಕಲು ಕೂರುತ್ತಾರೆ. ಮೊದಲು ಅಳತೆ, ಆಮೇಲೆ ಬಳಕೆಯಲ್ಲಿ ಏನು ಬದಲಾಯಿತೆಂಬ ವಿಚಾರಣೆ, ಕೊನೆಗೆ ರಿಪೇರಿ ಎಂಬ ಕ್ರಮವನ್ನು ಹಿಡಿದರೆ ಹಣವೂ ಉಳಿಯುತ್ತದೆ, ಕಾರಣವೂ ಸಿಗುತ್ತದೆ. ಕೆಳಗಿನ ಉತ್ತರಗಳು ಅದೇ ಕ್ರಮದಲ್ಲಿವೆ.

ಪ್ರಶ್ನೆ: ಮೈಲೇಜ್ ನಿಜವಾಗಿಯೂ ಇಳಿದಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆಯುವುದು ಮನೆಯಲ್ಲಿ ಮಾಡಬಹುದಾದ ವಿಧಾನಗಳಲ್ಲಿ ಅತ್ಯಂತ ನಂಬಲರ್ಹವಾದದ್ದು. ಬಂಕಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ಪೆಟ್ರೋಲ್ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಎಂದಿನಂತೆ ಕಾರು ಓಡಿಸಿ. ಟ್ಯಾಂಕ್ ಕಾಲು ಭಾಗಕ್ಕೆ ಬಂದಾಗ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೆಯ ಬಾರಿ ತುಂಬಿದ ಲೀಟರಿನಿಂದ ಭಾಗಿಸಿದರೆ ಉತ್ತರ ಬರುತ್ತದೆ. ಉದಾಹರಣೆಗೆ 412 ಕಿ.ಮೀ. ಓಡಿದ ಮೇಲೆ 27.4 ಲೀಟರ್ ಹಿಡಿಸಿದರೆ ಲೀಟರಿಗೆ 15 ಕಿ.ಮೀ.

ಒಂದೇ ಟ್ಯಾಂಕಿನ ಲೆಕ್ಕವನ್ನು ನೆಚ್ಚಿಕೊಳ್ಳಬೇಡಿ. ಕಾರು ನಿಂತ ಜಾಗದ ಇಳಿಜಾರು, ಪಂಪಿನ ವೇಗ ಮುಂತಾದವುಗಳಿಂದ ನಾಜಲ್ ಒಮ್ಮೆ ಬೇಗ, ಒಮ್ಮೆ ತಡವಾಗಿ ಕಟ್ ಆಗುತ್ತದೆ. ಒಂದು ಲೀಟರಿನ ವ್ಯತ್ಯಾಸ ಸಾಮಾನ್ಯ. 30 ಲೀಟರ್ ತುಂಬಿಸಿದಾಗ ಆ ಒಂದು ಲೀಟರ್ ಶೇ. 3ರಷ್ಟು ತಪ್ಪು ತರುತ್ತದೆ, 10 ಲೀಟರ್ ತುಂಬಿಸಿದಾಗ ಶೇ. 10ರಷ್ಟು. ಪ್ರತಿ ಬಾರಿ ಐನೂರು ರೂಪಾಯಿಗೆ ಹಾಕಿಸಿ, ಇಂಧನದ ಮುಳ್ಳು ನೋಡಿ ಮೈಲೇಜ್ ಅಂದಾಜು ಮಾಡುವವರಿಗೆ ಕಾರು ಸರಿಯಿದ್ದರೂ ಕೆಟ್ಟಂತೆ ಕಾಣುವುದು ಇದೇ ಕಾರಣಕ್ಕೆ. ಮೂರು ಟ್ಯಾಂಕುಗಳ ಕಿಲೋಮೀಟರ್‌ಗಳನ್ನೆಲ್ಲ ಕೂಡಿ, ಮೂರು ಬಾರಿಯ ಲೀಟರ್‌ಗಳನ್ನೆಲ್ಲ ಕೂಡಿ ಭಾಗಿಸಿದರೆ ಬರುವ ಸಂಖ್ಯೆಯನ್ನು ನಂಬಬಹುದು. ಕಟ್ ಆದ ಮೇಲೂ "ರೌಂಡ್ ಫಿಗರ್" ಆಗಲೆಂದು ತುರುಕಿಸುವ ಅಭ್ಯಾಸವನ್ನು ಬಿಡಿ. ಅದರಿಂದ ಲೆಕ್ಕವೂ ಕೆಡುತ್ತದೆ, ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಗೆ ದ್ರವ ಪೆಟ್ರೋಲ್ ಸೇರಿ ಆ ಭಾಗವೂ ಹಾಳಾಗಬಹುದು.

ಪ್ರಶ್ನೆ: ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಸಂಖ್ಯೆ ಸಾಲದೇ?

ಅದು ನಿಜವಾಗಿ ಅಳೆದ ಸಂಖ್ಯೆಯಲ್ಲ; ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಾರಿನ ಕಂಪ್ಯೂಟರ್ ಹಾಕಿದ ಅಂದಾಜು. ಬಹುತೇಕ ಕಾರುಗಳಲ್ಲಿ ಅದು ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಆದರೆ ಹೆಚ್ಚು ತೋರಿಸುವ ಪ್ರಮಾಣ ಒಂದೇ ಕಾರಿನಲ್ಲಿ ಹೆಚ್ಚೂ ಕಡಿಮೆ ಸ್ಥಿರವಾಗಿರುವುದರಿಂದ, ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಲು ಅದು ಉಪಯುಕ್ತ.

ಪ್ರಶ್ನೆ: ಕಂಪನಿ 22 ಎಂದಿತ್ತು, ನನಗೆ 14 ಬರುತ್ತಿದೆ. ಇದು ದೋಷವೇ?

ಬಹುಮಟ್ಟಿಗೆ ಅಲ್ಲ. ಜಾಹೀರಾತಿನ ಸಂಖ್ಯೆ ಪ್ರಯೋಗಾಲಯದಲ್ಲಿ ತಿರುಗುವ ರೋಲರ್‌ಗಳ ಮೇಲೆ ಕಾರನ್ನು ನಿಲ್ಲಿಸಿ, ಎಸಿ ಆರಿಸಿ, ನಿಗದಿತ ವೇಗಗಳ ಒಂದು ಪಟ್ಟಿಯಂತೆ ಓಡಿಸಿ ಪಡೆದದ್ದು. ಪುಣೆಯಲ್ಲಿರುವ ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆಯ ಹೆಸರಿನಲ್ಲಿ ನಾವು ಕೇಳುತ್ತ ಬಂದಿರುವ ಸಂಖ್ಯೆ ಇದೇ. ಆ ಪಟ್ಟಿಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ.; ಅದರಲ್ಲಿ ಹಂಪ್ ಇಲ್ಲ, ಗುಂಡಿ ಇಲ್ಲ, ಏರು ಇಲ್ಲ. ಒಂದು ಮಾದರಿಯ ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಅದು ನೆರವಾಗುತ್ತದೆ. ನಿಮ್ಮ ಕಾರಿನ ಆರೋಗ್ಯ ತಿಳಿಯಬೇಕಾದರೆ ಅದೇ ಕಾರು ಅದೇ ದಾರಿಯಲ್ಲಿ ಹಿಂದೆ ಕೊಡುತ್ತಿದ್ದ ಮೈಲೇಜೇ ಮಾನದಂಡವಾಗಬೇಕು. ಹೊಸ ಕಾರು ಕೊಂಡವರು ಮೊದಲ ವರ್ಷದಿಂದಲೇ ಒಂದು ಪುಸ್ತಕದಲ್ಲಿ ಕಿಲೋಮೀಟರ್ ಮತ್ತು ಲೀಟರ್ ಬರೆದಿಟ್ಟರೆ ಮುಂದೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇರುವುದಿಲ್ಲ.

ಪ್ರಶ್ನೆ: ಎಷ್ಟು ಇಳಿದರೆ ಚಿಂತಿಸಬೇಕು?

ಶೇ. 5ರವರೆಗಿನ ಏರಿಳಿತ ಅಳತೆಯಲ್ಲೇ ಬರುವಂಥದ್ದು. ಮೂರು ಟ್ಯಾಂಕುಗಳ ಸರಾಸರಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಇಳಿದಿದ್ದರೆ ಕಾರಣ ಹುಡುಕುವುದು ಯೋಗ್ಯ. ಇಳಿದದ್ದು ಒಂದೇ ವಾರದಲ್ಲೋ, ವರ್ಷವಿಡೀ ನಿಧಾನವಾಗಿಯೋ ಎಂಬುದನ್ನು ಗಮನಿಸಿ. ಥಟ್ಟನೆ ಇಳಿದಿದ್ದರೆ ಯಾವುದೋ ಒಂದು ಭಾಗ ಕೈಕೊಟ್ಟಿದೆ, ಇಲ್ಲವೇ ನಿಮ್ಮ ಓಡಾಟ ಬದಲಾಗಿದೆ. ನಿಧಾನವಾಗಿ ಇಳಿದಿದ್ದರೆ ಟೈರಿನ ಗಾಳಿ, ಬ್ರೇಕು, ಸವೆಯುತ್ತಿರುವ ಪ್ಲಗ್ಗು, ಮಂದವಾಗುತ್ತಿರುವ ಸೆನ್ಸರ್ ಇಂಥವುಗಳ ಕಡೆಗೆ ನೋಡಬೇಕು.

ಪ್ರಶ್ನೆ: ಕಾರಿನಲ್ಲಿ ಏನೂ ಕೆಡದೆಯೂ ಮೈಲೇಜ್ ಇಷ್ಟು ಇಳಿಯಲು ಸಾಧ್ಯವೇ?

ಖಂಡಿತ ಸಾಧ್ಯ, ಮತ್ತು ನಾನು ನೋಡಿದ ಪ್ರಕರಣಗಳಲ್ಲಿ ಇದೇ ಹೆಚ್ಚು. ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿಬರಲು ದಿನಕ್ಕೆ 20 ಕಿ.ಮೀ. ಓಡಿಸುವವರ ಲೆಕ್ಕವನ್ನು ತೆಗೆದುಕೊಳ್ಳಿ. ರಸ್ತೆ ಸಲೀಸಾಗಿದ್ದು ಲೀಟರಿಗೆ 15 ಬರುತ್ತಿದ್ದರೆ ದಿನಕ್ಕೆ 1.33 ಲೀಟರ್ ಸಾಕು. ಈಗ ದಾರಿಯಲ್ಲಿ ಮೆಟ್ರೋ ಕಾಮಗಾರಿ ಆರಂಭವಾಗಿ, ದಿನಕ್ಕೆ ಒಟ್ಟು 40 ನಿಮಿಷ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಲ್ಲೇ ನಿಲ್ಲಬೇಕಾಗಿದೆ ಎಂದುಕೊಳ್ಳೋಣ. 1.2 ಲೀಟರಿನ ಸಣ್ಣ ಎಂಜಿನ್ ಕೂಡ ನಿಂತಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ, ಎಸಿ ಹಾಕಿದ್ದರೆ ಇನ್ನೂ ಹೆಚ್ಚು. 40 ನಿಮಿಷಕ್ಕೆ ಅರ್ಧ ಲೀಟರ್ ಎಂದರೂ ದಿನದ ಬಳಕೆ 1.83 ಲೀಟರ್ ಆಗುತ್ತದೆ. ಮೈಲೇಜ್ 15ರಿಂದ 11ಕ್ಕೆ ಇಳಿಯುತ್ತದೆ. ಕಾರಿನ ಒಂದು ಬೋಲ್ಟ್ ಕೂಡ ಅಲುಗಾಡಿಲ್ಲ. ಇಂಥ ಕಾರನ್ನು ಯಾವ ಗ್ಯಾರೇಜಿಗೆ ಕೊಂಡೊಯ್ದರೂ ಖರ್ಚು ಮಾತ್ರ ಆದೀತು.

ಚಿಕ್ಕ ಓಡಾಟಗಳ ಪರಿಣಾಮವೂ ಹೀಗೆಯೇ. ತಣ್ಣಗಿರುವ ಎಂಜಿನ್‌ಗೆ ಕಂಪ್ಯೂಟರ್ ಹೆಚ್ಚು ಇಂಧನವನ್ನು ಊಡುತ್ತದೆ. ಆಯಿಲ್ ಇನ್ನೂ ಗಟ್ಟಿಯಾಗಿರುವುದರಿಂದ ಘರ್ಷಣೆಯೂ ಹೆಚ್ಚು. ಮಕ್ಕಳನ್ನು ಶಾಲೆಗೆ ಬಿಟ್ಟು ಬರಲು ಎರಡು ಕಿ.ಮೀ., ತರಕಾರಿಗೆ ಒಂದು ಕಿ.ಮೀ. ಎಂದು ಓಡಿಸಿದರೆ ಎಂಜಿನ್ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿದಿರುತ್ತದೆ. ಮನೆಯಿಂದ ಕೆಲಸ ಮಾಡಲು ತೊಡಗಿದ ಮೇಲೆ "ಕಾರು ಕಡಿಮೆ ಓಡುತ್ತಿದೆ, ಆದರೂ ಮೈಲೇಜ್ ಬಿದ್ದಿದೆ" ಎನ್ನುವವರ ಗೊಂದಲಕ್ಕೆ ಉತ್ತರ ಇಲ್ಲಿದೆ.

ಆದ್ದರಿಂದ ಗ್ಯಾರೇಜಿಗೆ ಹೋಗುವ ಮೊದಲು ಹೀಗೆ ಕೇಳಿಕೊಳ್ಳಿ: ದಾರಿ ಬದಲಾಯಿತೇ? ಹೊರಡುವ ಹೊತ್ತು ಬದಲಾಯಿತೇ? ಮನೆಯಲ್ಲಿ ಬೇರೆಯವರು ಓಡಿಸಲು ಆರಂಭಿಸಿದರೇ? ಟೈರ್ ಬದಲಿಸಿದಿರಾ, ಸರ್ವಿಸ್ ಮಾಡಿಸಿದಿರಾ, ಮೇಲೆ ಕ್ಯಾರಿಯರ್ ಕಟ್ಟಿಸಿದಿರಾ? ಡಿಕ್ಕಿಯಲ್ಲಿ ತಿಂಗಳುಗಳಿಂದ ಏನಾದರೂ ಭಾರ ಕೂತಿದೆಯೇ? ಕಾರಿನಲ್ಲೇ ಅಡಗಿರುವ ದೋಷವನ್ನು ಬೇರ್ಪಡಿಸಿ ನೋಡಲು ಒಂದು ಸುಲಭ ಉಪಾಯವಿದೆ. ಒಂದು ಭಾನುವಾರ ಬೆಳಗ್ಗೆ ಖಾಲಿ ಹೆದ್ದಾರಿಯಲ್ಲಿ ಗಂಟೆಗೆ 70 ಕಿ.ಮೀ. ಹಿಡಿದು ನೂರು ಕಿ.ಮೀ. ಹೋಗಿ, ಅದೇ ದಾರಿಯಲ್ಲಿ ಹಿಂತಿರುಗಿ ಲೆಕ್ಕ ಹಾಕಿ. ಅಲ್ಲಿ ಹಳೆಯ ಮೈಲೇಜೇ ಬಂದರೆ ಕಾರು ಚೆನ್ನಾಗಿದೆ. ದೋಷ ನಗರದ ಸಂಚಾರದ್ದು.

ಪ್ರಶ್ನೆ: ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ಒಳ್ಳೆಯ ಮೈಲೇಜ್, ಬರುವಾಗ ಕಡಿಮೆ. ಏಕೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಂಗಳೂರು ಕಡಲ ತಡಿಯಲ್ಲಿದೆ. ನಾಲ್ಕು ಜನ ಮತ್ತು ಸಾಮಾನು ಸೇರಿ 1,300 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 11.5 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೂ ಎಂಜಿನ್ ಅದರಲ್ಲಿ ನಾಲ್ಕನೇ ಒಂದು ಭಾಗ ಅಥವಾ ಸ್ವಲ್ಪ ಹೆಚ್ಚನ್ನು ಮಾತ್ರ ಚಕ್ರಕ್ಕೆ ತಲುಪಿಸುತ್ತದೆ. ಹಾಗಾಗಿ ಶಿರಾಡಿ ಘಾಟಿ ಹತ್ತಿ ಮೇಲೆ ಬರುವ ಕೆಲಸಕ್ಕೇ ಒಂದೂಕಾಲು ಲೀಟರಿನಷ್ಟು ಪೆಟ್ರೋಲ್ ಹೆಚ್ಚುವರಿಯಾಗಿ ಬೇಕು. ಸುಮಾರು 350 ಕಿ.ಮೀ. ಪ್ರಯಾಣದಲ್ಲಿ ಇದರಿಂದಲೇ ಲೀಟರಿಗೆ ಒಂದು ಕಿ.ಮೀ.ನಷ್ಟು ಮೈಲೇಜ್ ಇಳಿಯುತ್ತದೆ. ಹೋಗಿಬಂದ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಾತ್ರ ಆ ಪ್ರಯಾಣದ ಮೈಲೇಜಿಗೆ ಅರ್ಥವಿದೆ.

ಪ್ರಶ್ನೆ: ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಉಳಿತಾಯವಾಗುವುದಿಲ್ಲವೇ?

ದಯವಿಟ್ಟು ಹಾಗೆ ಮಾಡಬೇಡಿ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಎಕ್ಸಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ. ಇಳಿಜಾರೇ ಎಂಜಿನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಇಂಧನ ಮತ್ತೆ ಹರಿಯಬೇಕಾಗುತ್ತದೆ. ಉಳಿತಾಯವಂತೂ ಇಲ್ಲ, ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಬ್ರೇಕ್ ಕಾದು ಹಿಡಿಯದೆ ಹೋದರೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಎಥನಾಲ್ ಬೆರೆಸಿದ ಇ20 ಪೆಟ್ರೋಲೇ ಇದಕ್ಕೆಲ್ಲ ಕಾರಣವೇ?

ಭಾಗಶಃ ಹೌದು, ಆದರೆ ಎಷ್ಟರ ಮಟ್ಟಿಗೆ ಎಂಬುದನ್ನು ಲೆಕ್ಕದಿಂದಲೇ ತಿಳಿಯಬೇಕು. ದೇಶದಲ್ಲಿ ಶೇ. 10ರ ಎಥನಾಲ್ ಮಿಶ್ರಣದ (ಇ10) ಗುರಿ 2022ರಲ್ಲಿ ಮುಟ್ಟಿತು. ಶೇ. 20 ಎಥನಾಲ್ ಇರುವ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಬಿಡುಗಡೆ ಮಾಡಲಾಯಿತು, ಮತ್ತು 2025ರ ಹೊತ್ತಿಗೆ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲೇ ಇ20 ಆಯಿತು.

ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದ್ದರ ಸುಮಾರು ಮೂರನೇ ಎರಡು ಭಾಗ. ಆದ್ದರಿಂದ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ಶಕ್ತಿ ಶೇ. 7ರಷ್ಟು, ಇ10ಕ್ಕಿಂತ ಶೇ. 3.5ರಷ್ಟು ಕಡಿಮೆ. ಶುದ್ಧ ಪೆಟ್ರೋಲಿಗಾಗಿ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7, ಇ10ಕ್ಕಾಗಿ ವಿನ್ಯಾಸಗೊಂಡು ಇ20ಗೆ ಹೊಂದಿಸಿದವುಗಳಲ್ಲಿ ಶೇ. 1ರಿಂದ 2 ಮೈಲೇಜ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ನಿಮ್ಮ ಹಳೆಯ ಕಾರು 2021ರಲ್ಲಿ 16 ಕೊಡುತ್ತಿದ್ದು ಈಗ 15ರ ಆಸುಪಾಸಿನಲ್ಲಿದ್ದರೆ ಅದನ್ನು ಇಂಧನದ ಲೆಕ್ಕಕ್ಕೆ ಹಾಕಬಹುದು. 16ರಿಂದ 12ಕ್ಕೆ ಬಿದ್ದಿದ್ದರೆ ಎಥನಾಲಿನ ಮೇಲೆ ಹೊರೆ ಹೊರಿಸಿ ಸುಮ್ಮನಾಗುವುದು ತಪ್ಪು. ಇನ್ನೊಂದು ಕಾರಣ ಅದರ ಹಿಂದೆ ಅಡಗಿ ಕುಳಿತಿದೆ. ಎಥನಾಲನ್ನು ಕಬ್ಬಿನಿಂದಲೂ ತಯಾರಿಸುವುದರಿಂದ ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೂ ಸಂಬಂಧಿಸಿದ ವಿಷಯವಾಗಿ ಇದರ ಸುತ್ತ ಬಿಸಿ ಚರ್ಚೆ ಬಹಳ ನಡೆಯುತ್ತದೆ. ಕಾರಿನ ಮಾಲೀಕರು ಆ ಚರ್ಚೆಯಲ್ಲಿ ಯಾವ ಪಕ್ಷದಲ್ಲಿದ್ದರೂ ಈ ಸಂಖ್ಯೆಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹಳೆಯ ಕಾರುಗಳಿಗೆ ಒಂದು ಎಚ್ಚರಿಕೆ ಇದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮತ್ತು ಅದಕ್ಕೆಂದು ಮಾಡಿರದ ರಬ್ಬರ್ ಕೊಳವೆ ಹಾಗೂ ವಾಷರ್‌ಗಳನ್ನು ಕಾಲಕ್ರಮೇಣ ಕೆಡಿಸಬಹುದು. ತಿಂಗಳುಗಟ್ಟಲೆ ನಿಲ್ಲಿಸಿಡುವ ಕಾರಿನಲ್ಲಿ ಇದರ ಬಗ್ಗೆ ಹೆಚ್ಚು ಗಮನವಿರಲಿ.

ಪ್ರಶ್ನೆ: ಟೈರಿನ ಗಾಳಿಯಿಂದ ಅಷ್ಟೊಂದು ವ್ಯತ್ಯಾಸ ಬರುತ್ತದೆಯೇ?

ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದರೆ ಗೊತ್ತಾಗುವಷ್ಟು ಬರುವುದಿಲ್ಲ. ಆದರೆ ಟೈರು ತಾನಾಗಿಯೇ ತಿಂಗಳಿಗೆ ಒಂದರಿಂದ ಎರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಆರು ತಿಂಗಳು ನೋಡದಿದ್ದರೆ 33 ಇರಬೇಕಾದ ಕಡೆ 23 ಇರಬಹುದು, ಆಗ ಕಾರು ಎಳೆದಾಡಿದಂತಾಗುತ್ತದೆ. ಸರಿಯಾದ ಒತ್ತಡ ಎಷ್ಟೆಂಬುದು ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಸ್ಟಿಕ್ಕರಿನಲ್ಲಿದೆ. ಟೈರಿನ ಬದಿಯ ಮೇಲೆ ಬರೆದಿರುವುದು ಆ ಟೈರು ತಾಳುವ ಗರಿಷ್ಠ ಒತ್ತಡ, ಅದನ್ನು ಅನುಸರಿಸಬಾರದು.

ಗಾಳಿಯನ್ನು ಯಾವಾಗ ನೋಡುತ್ತೀರಿ ಎಂಬುದೂ ಮುಖ್ಯ. ಇಪ್ಪತ್ತು ನಿಮಿಷ ಓಡಿದ ಟೈರಿನಲ್ಲಿ ಒತ್ತಡ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ. ಆ ಸ್ಥಿತಿಯಲ್ಲಿ 33ಕ್ಕೆ ಹೊಂದಿಸಿದರೆ ಮರುದಿನ ಬೆಳಗ್ಗೆ ತಣ್ಣಗಾದಾಗ 29 ಇರುತ್ತದೆ. ಬಂಕಿನ ಮತ್ತು ಪಂಕ್ಚರ್ ಅಂಗಡಿಯ ಗೇಜ್‌ಗಳು ಒಂದಕ್ಕೊಂದು ತಾಳೆಯಾಗುವುದು ಅಪರೂಪ. ಒಂದು ಗೇಜನ್ನು ಕೊಂಡು ಮನೆಯಲ್ಲೇ, ಕಾರು ಹೊರಡುವ ಮೊದಲು ನೋಡುವುದು ಮೇಲು.

ಪ್ರಶ್ನೆ: ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಇಳಿಯಿತು. ಕಳಪೆ ಟೈರು ಕೊಟ್ಟರೇ?

ಹಾಗೆಂದು ತೀರ್ಮಾನಿಸಬೇಡಿ. ಹೊಸ ಟೈರಿನ ದಪ್ಪ ರಬ್ಬರು ಸವೆದ ಟೈರಿಗಿಂತ ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಇದಲ್ಲದೆ, 8 ಮಿ.ಮೀ. ಆಳದ ಹೊಸ ಟೈರು ಸವೆದು 2 ಮಿ.ಮೀ.ಗೆ ಬಂದರೆ ಅದರ ವ್ಯಾಸ 12 ಮಿ.ಮೀ. ಕಡಿಮೆಯಾಗುತ್ತದೆ; ಸುಮಾರು 620 ಮಿ.ಮೀ. ವ್ಯಾಸದ ಚಕ್ರದಲ್ಲಿ ಇದು ಶೇ. 2. ಸವೆದ ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುವುದರಿಂದ ಓಡೋಮೀಟರ್ ನಿಜಕ್ಕಿಂತ ಹೆಚ್ಚು ದೂರ ತೋರಿಸುತ್ತಿತ್ತು. ಹೊಸ ಟೈರು ಆ ಸುಳ್ಳನ್ನು ಸರಿಪಡಿಸಿದಾಗ ಮೈಲೇಜ್ ಇಳಿದಂತೆ ಕಾಣುತ್ತದೆ. ಚೆನ್ನಾಗಿ ಕಾಣಲೆಂದು 165/80 ಆರ್14ರ ಬದಲು 195/65 ಆರ್15 ಹಾಕಿಸಿದರೆ ವ್ಯಾಸ ಶೇ. 2.4ರಷ್ಟು ದೊಡ್ಡದಾಗಿ ಓಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ. ಅಗಲ ಮತ್ತು ಭಾರ ಹೆಚ್ಚಿದ್ದರಿಂದ ನಿಜವಾದ ನಷ್ಟವೂ ಅದಕ್ಕೆ ಸೇರುತ್ತದೆ.

ಗುಂಡಿಗೆ ಬಿದ್ದ ಮೇಲೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ, ಅಥವಾ ಟೈರಿನ ಒಂದೇ ಅಂಚು ಗರಗಸದಂತೆ ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಿ.

ಪ್ರಶ್ನೆ: ಬ್ರೇಕ್ ಹಿಡಿದುಕೊಂಡಿದೆ ಎಂದು ತಿಳಿಯುವುದು ಹೇಗೆ?

ಇದನ್ನು ಗ್ಯಾರೇಜುಗಳಲ್ಲಿ "ಬ್ರೇಕ್ ಜಾಮ್" ಎನ್ನುತ್ತಾರೆ. ಥಟ್ಟನೆ ಮೈಲೇಜ್ ಇಳಿದಾಗ ನಾನು ಮೊದಲು ನೋಡುವುದು ಇದನ್ನೇ, ಏಕೆಂದರೆ ನೋಡಲು ಒಂದು ಪೈಸೆಯೂ ಬೇಕಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಐದಾರು ಕಿ.ಮೀ. ಹೋಗಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ, ಕಾರು ತಾನಾಗಿ ನಿಧಾನವಾಗಲು ಬಿಟ್ಟು ನಿಲ್ಲಿಸಿ. ನಾಲ್ಕೂ ಚಕ್ರಗಳ ರಿಮ್ಮಿನ ಬಳಿ ಅಂಗೈ ಹಿಡಿಯಿರಿ. ಡಿಸ್ಕನ್ನು ಮುಟ್ಟಬೇಡಿ, ಸುಟ್ಟೀತು. ಮೂರು ಚಕ್ರ ಬೆಚ್ಚಗಿದ್ದು ಒಂದರಿಂದ ಕಾವು ಹೊಡೆಯುತ್ತಿದ್ದರೆ, ಅಥವಾ ಸುಟ್ಟ ವಾಸನೆ ಬರುತ್ತಿದ್ದರೆ, ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಗ್ಯಾರೇಜಿನಲ್ಲಿ ಜ್ಯಾಕ್ ಕೊಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ ಇದನ್ನು ಖಚಿತಪಡಿಸಿಕೊಳ್ಳಬಹುದು.

ಮುಂದಿನ ಚಕ್ರದಲ್ಲಾದರೆ, ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ನಿನ ಗ್ರೀಸ್ ಒಣಗಿ, ಕೆಸರು ಮತ್ತು ತುಕ್ಕು ಸೇರಿ ಅದು ಜಾರದಂತಾಗಿರುವುದು ಸಾಮಾನ್ಯ. ಹಿಂದಿನ ಚಕ್ರದಲ್ಲಾದರೆ ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದಿರಬಹುದು, ಇಲ್ಲವೇ ಸರ್ವಿಸ್ ಸಮಯದಲ್ಲಿ ಅತಿಯಾಗಿ ಬಿಗಿ ಮಾಡಿರಬಹುದು. ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಕಾರುಗಳಿಗೆ ಇದು ಬೇಗ ಅಂಟಿಕೊಳ್ಳುತ್ತದೆ. ಅಂಥ ಕಡೆ ಸಮತಟ್ಟು ಜಾಗದಲ್ಲಿ ಕಾರನ್ನು ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು ಹಳೆಯ ಚಾಲಕರ ಒಳ್ಳೆಯ ಪದ್ಧತಿ.

ಪ್ರಶ್ನೆ: ಪ್ಲಗ್, ಏರ್ ಫಿಲ್ಟರ್ ಎಲ್ಲ ಬದಲಿಸಿದರೂ ಮೈಲೇಜ್ ಬರಲಿಲ್ಲ. ಮುಂದೇನು?

ನನಗೂ ಹೀಗೆಯೇ ಆಗಿತ್ತು. ಆರು ವರ್ಷದ ನನ್ನ ಪೆಟ್ರೋಲ್ ಕಾರು 16.5ರಿಂದ 14.2ಕ್ಕೆ ಇಳಿದಾಗ ಒಂದು ಗ್ಯಾರೇಜಿನಲ್ಲಿ ಪ್ಲಗ್, ಏರ್ ಫಿಲ್ಟರ್ ಬದಲಿಸಿದರು, ಇನ್ನೊಂದರಲ್ಲಿ ಇಂಜೆಕ್ಟರ್ ತೊಳೆದರು. ಆರು ಸಾವಿರ ಖರ್ಚಾಯಿತು, ಮೈಲೇಜ್ ಕದಲಲಿಲ್ಲ. ಕೊನೆಗೆ ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಸಿಕ್ಕಿಸುವ ಒಂದು ಸಣ್ಣ ಬ್ಲೂಟೂತ್ ಸಾಧನವನ್ನು ತಂದು, ಫೋನಿನಲ್ಲಿ ನೋಡುತ್ತ ತುಮಕೂರು ರಸ್ತೆಯಲ್ಲಿ ಹೋದೆ. ಅರ್ಧ ಗಂಟೆ ಓಡಿದ ಮೇಲೂ ಎಂಜಿನನ್ನು ತಂಪಾಗಿಸುವ ದ್ರವದ, ಅಂದರೆ ಕೂಲೆಂಟ್‌ನ, ಉಷ್ಣತೆ 65 ಡಿಗ್ರಿ ದಾಟಲಿಲ್ಲ. ಅದು 85ರಿಂದ 95ರ ನಡುವೆ ಇರಬೇಕಿತ್ತು. ಆ ದ್ರವದ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡು, ಎಂಜಿನ್ ಸದಾ ಅರೆತಣ್ಣಗೆ ಓಡುತ್ತಿತ್ತು. ಎಂಜಿನ್ ಇನ್ನೂ ಬಿಸಿಯಾಗಿಲ್ಲವೆಂದು ಕಂಪ್ಯೂಟರ್ ಹೆಚ್ಚು ಇಂಧನ ಕೊಡುತ್ತಲೇ ಇತ್ತು. ಬದಲಿಸಿದ ಭಾಗದ ಬೆಲೆ ಸಾವಿರ ರೂಪಾಯಿಯೂ ಇರಲಿಲ್ಲ. ಚಳಿಯ ದೇಶಗಳಲ್ಲಾದರೆ ಹೀಟರ್ ಬಿಸಿಯಾಗುತ್ತಿಲ್ಲ ಎಂದು ಈ ದೋಷ ಮೊದಲ ವಾರವೇ ಗೊತ್ತಾಗುತ್ತದೆ. ನಮ್ಮಲ್ಲಿ ಹೀಟರ್ ಹಾಕುವವರೇ ಇಲ್ಲವಾದ್ದರಿಂದ ವರ್ಷಗಟ್ಟಲೆ ಗಮನಕ್ಕೆ ಬರುವುದಿಲ್ಲ.

ಅದೇ ಸಾಧನದಲ್ಲಿ ನೋಡಬೇಕಾದ ಇನ್ನೊಂದು ಅಂಶ ಫ್ಯೂಯಲ್ ಟ್ರಿಮ್. ಸೈಲೆನ್ಸರ್ ಕೊಳವೆಯ ಆಕ್ಸಿಜನ್ ಸೆನ್ಸರ್ ಕೊಟ್ಟ ಮಾಹಿತಿಯಂತೆ ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚಿಸುತ್ತಿದೆ ಅಥವಾ ಇಳಿಸುತ್ತಿದೆ ಎಂಬುದನ್ನು ಅದು ಶೇಕಡಾವಾರು ತೋರಿಸುತ್ತದೆ. ದೀರ್ಘಾವಧಿಯ ಸಂಖ್ಯೆ ಮೈನಸ್ 10ಕ್ಕಿಂತ ಕೆಳಗಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು ಅಥವಾ ಇಂಧನದ ಒತ್ತಡ ಅತಿಯಾಗಿರಬಹುದು. ಪ್ಲಸ್ 10ಕ್ಕಿಂತ ಮೇಲಿದ್ದರೆ ಎಲ್ಲೋ ಗಾಳಿ ಒಳಸೋರುತ್ತಿರಬಹುದು, ಇಲ್ಲವೇ ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು. ಇ10ಕ್ಕೆ ಹೊಂದಿಸಿದ ಕಾರಿಗೆ ಇ20 ಹಾಕಿದಾಗ ಈ ಸಂಖ್ಯೆ ಮೂರು ನಾಲ್ಕು ಅಂಶ ಪ್ಲಸ್ ಕಡೆಗೆ ಸರಿಯುವುದು ಸಹಜ. ಅದನ್ನು ದೋಷವೆಂದು ಓದಬಾರದು.

ಏರ್ ಫಿಲ್ಟರ್ ಬಗ್ಗೆ ಒಂದು ಹಳೆಯ ನಂಬಿಕೆಯನ್ನು ತಿದ್ದಬೇಕಾಗಿದೆ. ಕಾರ್ಬ್ಯುರೇಟರ್ ಇದ್ದ ಹಳೆಯ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಪ್ರಮಾಣ ಹೆಚ್ಚಾಗಿ ಮೈಲೇಜ್ ಬೀಳುತ್ತಿತ್ತು. ಈಗಿನ ಕಾರುಗಳು ಒಳಬಂದ ಗಾಳಿಗೆ ತಕ್ಕಷ್ಟೇ ಇಂಧನ ಕೊಡುವುದರಿಂದ ಕೊಳೆಯಾದ ಫಿಲ್ಟರ್ ಪಿಕಪ್ಪನ್ನು ಕುಗ್ಗಿಸುತ್ತದೆ, ಮೈಲೇಜನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ. ಕೆಂಪು ಧೂಳಿನ ದಾರಿಯಲ್ಲಿ ಓಡಾಡುವವರು ಎಂಜಿನ್ನಿನ ಆಯುಷ್ಯಕ್ಕಾಗಿ ಅದನ್ನು ಸಮಯಕ್ಕೆ ಬದಲಿಸಲಿ. ಮೈಲೇಜ್ ಏರುತ್ತದೆಂಬ ಆಸೆಯಿಂದ ಬೇಡ.

ಪ್ರಶ್ನೆ: ಸರ್ವಿಸ್ ಆದ ಮೇಲೇ ಮೈಲೇಜ್ ಇಳಿದಿದ್ದರೆ?

ಬಿಲ್ಲನ್ನು ತೆಗೆದು ಎಂಜಿನ್ ಆಯಿಲ್‌ನ ಗ್ರೇಡ್ ನೋಡಿ. ಕೈಪಿಡಿಯಲ್ಲಿ 0ಡಬ್ಲ್ಯೂ-20 ಎಂದಿರುವ ಕಾರಿಗೆ 20ಡಬ್ಲ್ಯೂ-50 ಹಾಕಿದ್ದರೆ ಆ ಗಟ್ಟಿ ಆಯಿಲ್ ಪ್ರತಿ ಬೆಳಗ್ಗೆಯೂ ಎಂಜಿನ್ನಿನ ಶಕ್ತಿಯನ್ನು ತಿನ್ನುತ್ತದೆ. ಆಮೇಲೆ ಹ್ಯಾಂಡ್ ಬ್ರೇಕಿನ ಬಿಗಿ, ಟೈರಿನ ಗಾಳಿ, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳು ಸರಿಯಾಗಿ ಕೂತಿವೆಯೇ ಎಂಬುದನ್ನು ನೋಡಿ.

ಪ್ರಶ್ನೆ: ವೇಗ ಮತ್ತು ಎಸಿಯ ಪಾತ್ರವೆಷ್ಟು?

ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ಶೇ. 56ರಷ್ಟು ಹೆಚ್ಚುತ್ತದೆ. ಹಳೆಯ ಮೈಸೂರು ರಸ್ತೆಯಲ್ಲಿ ಊರೂರು ದಾಟಿ 60–70ರಲ್ಲಿ ಹೋಗುತ್ತಿದ್ದವರು 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರಲ್ಲಿ ಹೋಗಿ "ಒಳ್ಳೆಯ ರಸ್ತೆಯಲ್ಲಿ ಮೈಲೇಜ್ ಯಾಕೆ ಕಡಿಮೆ" ಎಂದು ಕೇಳುವುದುಂಟು. ಕಾರಣ ಇದೇ. ಖಾಲಿ ಕ್ಯಾರಿಯರ್ ಕೂಡ ಈ ವೇಗದಲ್ಲಿ ಭಾರವಾಗುತ್ತದೆ. ಎಸಿಯ ಹೊರೆ ಹೆದ್ದಾರಿಗಿಂತ ನಗರದಲ್ಲಿ ಹೆಚ್ಚು ತಿಳಿಯುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರನ್ನು ತಂಪು ಮಾಡಲು ಕಂಪ್ರೆಸರ್ ಬಹಳ ಹೊತ್ತು ಪೂರ್ತಿ ಓಡಬೇಕಾಗುತ್ತದೆ.

ಪ್ರಶ್ನೆ: ಕ್ಲಚ್ ಸವೆದರೆ?

ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಎಕ್ಸಲರೇಟರನ್ನು ಜೋರಾಗಿ ಒತ್ತಿ. ಎಂಜಿನ್ನಿನ ಸದ್ದು ಏರಿ ಕಾರು ಮುಂದಕ್ಕೆ ನುಗ್ಗದಿದ್ದರೆ ಕ್ಲಚ್ ಜಾರುತ್ತಿದೆ. ಫ್ಲೈಓವರಿನ ಏರಿನಲ್ಲಿ ಅರ್ಧ ಕ್ಲಚ್‌ನಲ್ಲೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಇದಕ್ಕೆ ಮುಖ್ಯ ಕಾರಣ.

ಪ್ರಶ್ನೆ: ನನ್ನದು ಬಿಎಸ್6 ಡೀಸೆಲ್ ಕಾರು. ಬೇರೆ ಏನನ್ನು ನೋಡಬೇಕು?

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್6 ಎಂಬ ಹೊಗೆ ಮಾಲಿನ್ಯ ನಿಯಮದಿಂದಾಗಿ ಡೀಸೆಲ್ ಕಾರುಗಳಿಗೆ ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಬಂದಿತು. ಮಸಿ ತುಂಬಿದಾಗ ಹೆಚ್ಚುವರಿ ಡೀಸೆಲ್ ಊಡಿಸಿ ಅದನ್ನು ಸುಡಲಾಗುತ್ತದೆ, ಇದಕ್ಕೆ ಹದಿನೈದಿಪ್ಪತ್ತು ನಿಮಿಷದ ಸತತ ಓಟ ಬೇಕು. ನಗರದಲ್ಲಿ ಅರ್ಧಕ್ಕೇ ಎಂಜಿನ್ ಆರಿಸಿದರೆ ಸುಡುವ ಕೆಲಸ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗಿ ಡೀಸೆಲ್ ವ್ಯರ್ಥವಾಗುತ್ತದೆ. ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲಿಗೆ ಸೇರಿ ಅದರ ಮಟ್ಟ ಏರಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಗುರುತಿಗಿಂತ ಮೇಲೆ ಬಂದಿದ್ದರೆ ಕೂಡಲೇ ತೋರಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯ ಓಟ ಇಂಥ ಕಾರಿಗೆ ಅಗತ್ಯ. ಮೈಲೇಜಿನೊಡನೆ ಪಿಕಪ್ಪೂ ಇಳಿದು, ಒತ್ತಿದಾಗ ಶೀತ್ಕಾರದ ಸದ್ದು ಬರುತ್ತಿದ್ದರೆ ಟರ್ಬೋ ಕೊಳವೆ ಸೀಳಿರಬಹುದು.

ಪ್ರಶ್ನೆ: ಬಂಕಿನಲ್ಲೇ ಕಡಿಮೆ ಹಾಕುತ್ತಿರಬಹುದೇ?

ಅನುಮಾನವಿದ್ದರೆ ಪರೀಕ್ಷಿಸುವ ಹಕ್ಕು ನಿಮಗಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು. ಅದರಲ್ಲಿ ಹಾಕಿ ತೋರಿಸುವಂತೆ ಕೇಳಬಹುದು. 5 ಲೀಟರಿಗೆ 25 ಮಿ.ಲೀ.ವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶ, ಅಂದರೆ ಶೇ. 0.5. "37 ಲೀಟರಿನ ಟ್ಯಾಂಕಿಗೆ 40 ಲೀಟರ್ ಹಾಕಿದರು, ಇದು ಮೋಸ" ಎಂಬ ದೂರು ಮಾತ್ರ ಸಾಮಾನ್ಯವಾಗಿ ತಪ್ಪು ತಿಳಿವಳಿಕೆಯಿಂದ ಬರುತ್ತದೆ. ಕೈಪಿಡಿಯ ಸಂಖ್ಯೆ ಆವಿಗೆ ಬಿಟ್ಟ ಜಾಗವನ್ನೂ ಕೊಳವೆಯನ್ನೂ ಒಳಗೊಂಡಿರುವುದಿಲ್ಲ.

ಪ್ರಶ್ನೆ: ಕಾರಿನ ಸುತ್ತ ಪೆಟ್ರೋಲ್ ವಾಸನೆ ಬರುತ್ತಿದೆ. ಮೈಲೇಜಿಗೂ ಇದಕ್ಕೂ ಸಂಬಂಧವಿದೆಯೇ?

ಇರಬಹುದು, ಆದರೆ ಈಗ ಯೋಚಿಸಬೇಕಾದದ್ದು ಮೈಲೇಜಿನ ಬಗ್ಗೆಯಲ್ಲ. ಇಲಿ ಕಡಿದ ಕೊಳವೆಯಿಂದಲೋ ಸಡಿಲವಾದ ಕ್ಲಿಪ್ಪಿನಿಂದಲೋ ಪೆಟ್ರೋಲ್ ಸೋರುತ್ತಿದ್ದರೆ ಬೆಂಕಿಯ ಅಪಾಯವಿದೆ. ಕಾರನ್ನು ಸ್ಟಾರ್ಟ್ ಮಾಡದೆ, ಬಯಲಲ್ಲಿ ಬಿಟ್ಟು, ಮೆಕ್ಯಾನಿಕ್ಕನ್ನೇ ಅಲ್ಲಿಗೆ ಕರೆಸಿ.

ಪ್ರಶ್ನೆ: ಕೊನೆಗೂ ಗ್ಯಾರೇಜಿಗೇ ಹೋಗಬೇಕಾಯಿತು. ಮೆಕ್ಯಾನಿಕ್‌ಗೆ ಏನು ಹೇಳಲಿ?

"ಮೈಲೇಜ್ ಬರುತ್ತಿಲ್ಲ, ನೋಡಿ" ಎಂದಷ್ಟೇ ಹೇಳಿದರೆ ಅವರು ರೂಢಿಯಂತೆ ಪ್ಲಗ್ಗು, ಫಿಲ್ಟರುಗಳಿಂದಲೇ ಆರಂಭಿಸುತ್ತಾರೆ. ಬರೆದಿಟ್ಟ ಪುಸ್ತಕವನ್ನು ತೋರಿಸಿ: ಯಾವ ತಿಂಗಳವರೆಗೆ ಎಷ್ಟು ಬರುತ್ತಿತ್ತು, ಮೂರು ಟ್ಯಾಂಕುಗಳ ಈಗಿನ ಸರಾಸರಿ ಎಷ್ಟು, ಹೆದ್ದಾರಿಯಲ್ಲಿ ಪರೀಕ್ಷಿಸಿದಾಗ ಎಷ್ಟು ಬಂತು, ಯಾವ ಚಕ್ರ ಬಿಸಿಯಾಗಿತ್ತು, ಕೂಲೆಂಟ್ ಎಷ್ಟು ಡಿಗ್ರಿಯಲ್ಲಿ ನಿಂತಿತು. ಒಮ್ಮೆಗೆ ಒಂದೇ ಭಾಗವನ್ನು ಬದಲಿಸುವಂತೆ ಕೇಳಿ, ತೆಗೆದ ಹಳೆಯ ಭಾಗವನ್ನು ಇಸಿದುಕೊಳ್ಳಿ, ಮತ್ತೆ ಎರಡು ಟ್ಯಾಂಕ್ ಅಳೆದು ನೋಡಿದ ಮೇಲಷ್ಟೇ ಮುಂದಿನ ಭಾಗಕ್ಕೆ ಒಪ್ಪಿಗೆ ಕೊಡಿ.